ಬಾನೆಟ್ಟಿಗೆ ಕಿವಿರು

ಮೇ ತಿಂಗಳ ನಡು ಮಧ್ಯಾಹ್ನ ಕೋಲಾರ ಜಿಲ್ಲೆಯ ರಾಯಲ್ಪಾಡು ಕಡೆಯ ಮಾವಿನ ತೋಪಿನೊಳಗೆ ಹಳೇ ಜೀಪು ಆಳು ನಡೆಯುವಷ್ಟೇ ವೇಗದಲ್ಲಿ ಹೋಗುತ್ತದೆ. ಲೋ ಗೇರು, ಹಿಂದೆ ತೋತಾಪುರಿ ತುಂಬಿದ ಕ್ರೇಟು, ಚಕ್ರದ ಕೆಳಗೆ ಉತ್ತು ಬಿಟ್ಟ ಕೆಂಪು ಮಣ್ಣು. ಎಂಜಿನ್ನಿಗೆ ದುಡಿಮೆ ಪೂರ್ತಿ, ಎದುರುಗಾಳಿ ಮಾತ್ರ ಇಲ್ಲ. ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಡ್ರೈವರು ಇಳಿದು ಬಾನೆಟ್ಟಿನ ಕ್ಲಿಪ್ಪು ಬಿಚ್ಚಿ, ಸಂದಿಗೊಂದು ರಬ್ಬರ್ ತುಂಡು ಇಟ್ಟು, ಅದನ್ನು ಅರ್ಧ ತೆರೆದ ಹಾಗೆಯೇ ಬಿಟ್ಟು ಗಾಡಿ ಮುಂದಕ್ಕೆ ಬಿಡುತ್ತಾನೆ. ಬಿಸಿಗಾಳಿ ಹೊರಗೆ ಹೋಗಬೇಕು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅದೇ ಕೆಲಸವನ್ನು ತಗಡಿನಲ್ಲೇ ಶಾಶ್ವತವಾಗಿ ಮಾಡಿಟ್ಟರೆ ಅದು ಲೂವರ್. ಬಾನೆಟ್ಟಿನ ತಗಡಿಗೆ ಒಂದು ಕಡೆ ಸೀಳು ಕೊಟ್ಟು, ಸೀಳಿನ ಅಂಚನ್ನು ಮೇಲಕ್ಕೆ ಉಬ್ಬಿಸಿದ ಪಟ್ಟಿಗಳ ಸಾಲು. ತೆರೆದ ಬಾಯಿ ಹಿಂದಕ್ಕೆ, ಮುಚ್ಚಿದ ಬೆನ್ನು ಮುಂದಕ್ಕೆ. ಮೀನಿಗೆ ಕಿವಿರು ಹೇಗೋ ಹಾಗೆ: ಬಾಯಿಂದ ಬಂದದ್ದು ಪಕ್ಕದಿಂದ ಹೊರಗೆ. ಹಳೇ ಜೀಪು, ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡಿರುವ ಹುಡುಗರಲ್ಲಿ ಈಗ ಇದರ ಆಸೆ ಹೆಚ್ಚುತ್ತಿದೆ. ಆಸೆ ತಪ್ಪಲ್ಲ. ಆದರೆ ಬಾನೆಟ್ಟಿಗೆ ಒಮ್ಮೆ ಹೊಡೆದ ಲೂವರನ್ನು ವಾಪಸ್ ತೆಗೆಯಲು ಬರುವುದಿಲ್ಲ. ಪೇಂಟನ್ನು ಬದಲಿಸಬಹುದು, ಸೀಟನ್ನು ಬದಲಿಸಬಹುದು, ಎಂಜಿನ್ನನ್ನೂ ಮತ್ತೆ ಹಳೆಯದಕ್ಕೆ ತರಬಹುದು. ಸೀಳಿದ ತಗಡು ಸೀಳಿದ್ದೇ. ಪಂಚು ತಗಡಿಗೆ ತಾಗುವ ಮುಂಚೆ ಯೋಚಿಸಬೇಕಾದ ನಾಲ್ಕಾರು ಸಂಗತಿಗಳಿವೆ, ಅವುಗಳಲ್ಲಿ ಒಂದೆರಡು ಕೋಲಾರದ ನೆಲಕ್ಕೇ ಸೇರಿದವು.

ಮೊದಲನೆಯದು ನೀರು. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳು ಸೊರಗಿದ ಮೇಲೆ ಊರು ನಿಂತಿರುವುದು ಬೋರ್‌ವೆಲ್ಲಿನ ಮೇಲೆ. ಸಾವಿರ ಅಡಿ ದಾಟಿದ ಬೋರು ಇಲ್ಲಿ ಯಾರಿಗೂ ಆಶ್ಚರ್ಯವಲ್ಲ. ಅಷ್ಟು ಆಳದ ಗಡಸು ನೀರನ್ನು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ಎಲ್ಲರ ಮನೆಯಲ್ಲೂ ನೋಡಿದ್ದೇವೆ. ರೇಡಿಯೇಟರಿಗೆ ಹೊಲದ ಪಕ್ಕದ ಪೈಪಿನಿಂದಲೇ ನೀರು ತುಂಬಿಸಿದರೆ ಅದೇ ಪದರ ಅದರ ಸಣ್ಣ ಕೊಳವೆಗಳ ಒಳಗೂ, ಸಿಲಿಂಡರಿನ ಸುತ್ತಲಿನ ನೀರಿನ ಹಾದಿಯಲ್ಲೂ ಕೂರುತ್ತದೆ. ಎಂಜಿನ್ ಸುಡುವ ಇಂಧನದ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಪಾಲು ಈ ನೀರಿನ ಮೂಲಕವೇ ಹೊರಗೆ ಹೋಗಬೇಕು. ದಾರಿ ಕಟ್ಟಿದರೆ ಬಾನೆಟ್ಟಿಗೆ ಎಷ್ಟು ಕಿಂಡಿ ಕೊರೆದರೂ ಪ್ರಯೋಜನವಿಲ್ಲ. ಶಾಖ ಗಾಳಿಯ ತನಕ ಬಂದೇ ಇರುವುದಿಲ್ಲ.

ಆದ್ದರಿಂದಲೇ ಅನುಭವವಿರುವ ಟಿಂಕರ್ ಮೇಸ್ತ್ರಿಯ ಹತ್ತಿರ ಹೋಗಿ, "ಅಣ್ಣಾ, ಗಾಡಿ ಹೀಟಾಗ್ತಾ ಐತೆ, ಬಾನೆಟ್‌ಗೆ ಲೂವರ್ ಹೊಡೆದುಕೊಡು" ಎಂದರೆ ಅವನು ಸುತ್ತಿಗೆ ಎತ್ತುವುದಿಲ್ಲ. "ಮೊದ್ಲು ರೇಡಿಯೇಟರ್ ಬಿಚ್ಚಿಸು ಸಾಮಿ, ಆಮೇಲೆ ಮಾತಾಡಾನ" ಎನ್ನುತ್ತಾನೆ. ರೇಡಿಯೇಟರಿನ ಟ್ಯಾಂಕು ಬಿಚ್ಚಿಸಿ, ಕೊಳವೆಗಳಿಗೆ ಸರಳು ತೂರಿಸಿ ಕೆರೆಸುವುದು, ಹೊರಗಿನ ರೆಕ್ಕೆಗಳಲ್ಲಿ ಸಿಕ್ಕಿಕೊಂಡ ಹುಲ್ಲಿನ ಬೀಜ, ಒಣಗಿದ ಮಾವಿನ ಹೂವು, ಧೂಳನ್ನು ಹಿಂದಿನಿಂದ ಮುಂದಕ್ಕೆ ನೀರು ಹೊಡೆದು ತೆಗೆಯುವುದು, ಫ್ಯಾನ್ ಬೆಲ್ಟಿನ ಬಿಗಿ, ಥರ್ಮೋಸ್ಟ್ಯಾಟ್, ಕ್ಯಾಪಿನ ಒಣಗಿದ ರಬ್ಬರು. ಹತ್ತರಲ್ಲಿ ಎಂಟು ಗಾಡಿಗಳ ಕಾಯಿಲೆ ಇಲ್ಲೇ ವಾಸಿಯಾಗುತ್ತದೆ ಎಂಬುದು ನನ್ನ ನಂಬಿಕೆ. ವಾಸಿಯಾದ ಮೇಲೆ ರೇಡಿಯೇಟರಿಗೆ ಕೂಲೆಂಟನ್ನು ಶುದ್ಧ ಮಾಡಿದ ನೀರಿನಲ್ಲಿ ಬೆರೆಸಿ ಹಾಕಬೇಕು, ಬೋರಿನ ನೀರನ್ನಲ್ಲ.

ಇಷ್ಟಾದರೂ ಕಾಯುವ ಗಾಡಿಗಳಿವೆ, ಅವಕ್ಕೆ ಕಾರಣವೂ ಇದೆ. ನಮ್ಮ ಕಡೆಯ ಬಹಳಷ್ಟು ಹಳೇ ಜೀಪುಗಳು ಹುಟ್ಟಿದ್ದು ಪೆಟ್ರೋಲಿನಲ್ಲಿ, ಬದುಕಿದ್ದು ಡೀಸೆಲಿನಲ್ಲಿ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮಹೀಂದ್ರ ಕಂಪನಿ ಅಮೆರಿಕದ ವಿಲ್ಲಿಸ್ ಜೀಪನ್ನು ಮುಂಬೈಯಲ್ಲಿ ಜೋಡಿಸಲು ತೊಡಗಿತು. 1953ರಲ್ಲಿ ವಿಲ್ಲಿಸ್ ಹೊರತಂದ ಸಿಜೆ-3ಬಿ ಮಾದರಿಯೇ ಮುಂದೆ ದಶಕಗಳ ಕಾಲ ಇಲ್ಲಿ ಬೇರುಬಿಟ್ಟಿತು. ಅದಕ್ಕೆ ಕೂರಿಸಿದ ಹರಿಕೇನ್ ಎಂಬ 2.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಗಾಳಿ ಒಳಬಿಡುವ ವಾಲ್ವುಗಳು ತಲೆಯ ಮೇಲಿದ್ದವು, ಎಂಜಿನ್ ಎತ್ತರವಾಯಿತು, ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಹೈ ಬಾನೆಟ್, ಲೋ ಬಾನೆಟ್ ಎಂದು ಜೀಪಿನವರು ಇಂದಿಗೂ ಗಾಡಿಯ ಜಾತಿ ಹೇಳುವುದು ಇದರಿಂದಲೇ. ಯುದ್ಧಕಾಲದ ಜೀಪು, ಅದರ ಹಿಂದೆಯೇ ಬಂದ ಸಿಜೆ-2ಎ, ಸಿಜೆ-3ಎ ಲೋ ಬಾನೆಟ್. ಸಿಜೆ-3ಬಿ ಹೈ ಬಾನೆಟ್.

ಪೆಟ್ರೋಲು ದುಬಾರಿಯಾದಾಗ ಜನ ಡೀಸೆಲ್ ಎಂಜಿನ್ ಕೂರಿಸಿಕೊಂಡರು. ಭಾರವಾದ, ಅಗಲವಾದ ಎಂಜಿನ್ನು ಅದೇ ಸಣ್ಣ ಪೆಟ್ಟಿಗೆಯೊಳಗೆ ಬಂತು. ರೇಡಿಯೇಟರು ಹಳೆಯದೇ, ಫ್ಯಾನಿಗೂ ರೇಡಿಯೇಟರಿಗೂ ನಡುವಿನ ಅಂತರ ಹೆಚ್ಚುಕಡಿಮೆ, ಫ್ಯಾನನ್ನು ಸುತ್ತುವ ತಗಡಿನ ಕವಚ ಎಷ್ಟೋ ಗಾಡಿಗಳಲ್ಲಿ ಇಲ್ಲವೇ ಇಲ್ಲ. ಗಾಳಿ ಮುಂದಿನ ಜಾಲರಿಯಿಂದ ಒಳಗೆ ಬಂದರೆ ಸಾಲದು, ಹೊರಗೆ ಹೋಗಬೇಕು. ಎಂಜಿನ್ ಕೋಣೆ ತುಂಬಿಹೋದಾಗ ಗಾಳಿಗೆ ಉಳಿಯುವುದು ಕೆಳಗಿನ ಸಂದಿಗಳು ಮಾತ್ರ. ಒಳಗೆ ಒತ್ತಡ ಏರಿದಷ್ಟೂ ಹೊಸ ಗಾಳಿ ರೇಡಿಯೇಟರಿನ ಮೂಲಕ ಬರುವುದು ತಗ್ಗುತ್ತದೆ, ಬಿಸಿಗಾಳಿ ಪಕ್ಕದಿಂದ ಸುತ್ತು ಹಾಕಿ ಮತ್ತೆ ಮುಂದಕ್ಕೇ ಬರುತ್ತದೆ. ಇಂಥ ಗಾಡಿಗೆ ಲೂವರ್ ನಿಜವಾದ ಉಪಕಾರ. ನಿಂತಾಗಲೂ, ತೆವಳುವಾಗಲೂ ಬಿಸಿಗಾಳಿ ತಾನಾಗಿ ಮೇಲೇರಿ ಹೋಗಲು ಅದೊಂದು ದಾರಿ.

ಎಷ್ಟು ದೊಡ್ಡ ದಾರಿ? ಲೆಕ್ಕ ಸುಲಭ. 100 ಮಿಲಿಮೀಟರ್ ಉದ್ದದ, 10 ಮಿಲಿಮೀಟರ್ ಬಾಯಿ ತೆರೆದ ಒಂದು ಲೂವರ್ ಹೆಚ್ಚೆಂದರೆ 10 ಚದರ ಸೆಂಟಿಮೀಟರ್ ಕಿಂಡಿ. ಎರಡು ಸಾಲಿನಲ್ಲಿ ಹದಿನೈದರಂತೆ ಮೂವತ್ತು ಹೊಡೆದರೆ 300 ಚದರ ಸೆಂಟಿಮೀಟರ್, ಅಂದರೆ ಬಾನೆಟ್ಟಿನಲ್ಲಿ 17 ಸೆಂಟಿಮೀಟರ್ ಚೌಕದ ಒಂದು ತೂತು ಕೊರೆದಷ್ಟು. ಚೌಕ ತೂತಿನಲ್ಲಿ ಮಳೆ, ಎಲೆ, ಕಲ್ಲು ಎಲ್ಲ ಬೀಳುತ್ತದೆ, ತಗಡಿನ ಬಿಗಿಯೂ ಹೋಗುತ್ತದೆ. ಲೂವರಿನಲ್ಲಿ ಅಷ್ಟೇ ಗಾಳಿ ಹೋಗುತ್ತದೆ, ತಗಡು ಇದ್ದಲ್ಲೇ ಇರುತ್ತದೆ, ಉಬ್ಬಿದ ಪಟ್ಟಿಗಳಿಂದ ಆ ದಿಕ್ಕಿಗೆ ತಗಡು ಇನ್ನಷ್ಟು ಗಟ್ಟಿಯಾಗುತ್ತದೆ. ಒಂದು ಚೂರು ಲೋಹವನ್ನೂ ತೆಗೆದೆಸೆಯದೆ ಕಿಂಡಿ ಮಾಡುವ ಈ ಉಪಾಯ ಕಂಡುಕೊಂಡವರ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಜಾಗ ಮುಖ್ಯ. ಬಹಳ ಜನ ಎಡವುವುದು ಇಲ್ಲೇ. ಗಾಡಿ ಓಡುವಾಗ ಬಾನೆಟ್ಟಿನ ಮುಂಭಾಗದಲ್ಲಿ, ಮೂತಿ ದಾಟಿದ ಕೂಡಲೇ, ಮೇಲಿನ ಗಾಳಿಯ ಒತ್ತಡ ಕಡಿಮೆ. ವಿಂಡ್‌ಸ್ಕ್ರೀನಿನ ಬುಡದಲ್ಲಿ ಗಾಳಿ ಗಾಜಿಗೆ ಅಪ್ಪಳಿಸಿ ನಿಲ್ಲುವುದರಿಂದ ಒತ್ತಡ ಹೆಚ್ಚು. ಜೀಪಿನ ಗಾಜು ಹೆಚ್ಚುಕಡಿಮೆ ನೆಟ್ಟಗೆ ನಿಂತಿರುವುದರಿಂದ ಅಲ್ಲಿ ಈ ಒತ್ತಡ ಇನ್ನೂ ಜೋರು. ಅಲ್ಲಿ ಕಿಂಡಿ ಬಿಟ್ಟರೆ ಬಿಸಿಗಾಳಿ ಹೊರಗೆ ಹೋಗುವ ಬದಲು ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ, ರೇಡಿಯೇಟರಿನಿಂದ ಬರುವ ಗಾಳಿಗೆ ಎದುರಾಗುತ್ತದೆ. ಬಾನೆಟ್ಟಿನ ಹಿಂದಿನ ಹಿಂಜಿನ ಕೆಳಗೆ ವಾಷರ್ ಕೊಟ್ಟು ಹಿಂಬದಿಯನ್ನು ಎತ್ತರಿಸುವವರು ಇದ್ದಾರೆ. ನಿಂತ ಗಾಡಿಗೆ ಅದರಿಂದ ಸ್ವಲ್ಪ ಲಾಭವಿದ್ದರೂ ಮದನಪಲ್ಲಿ ರಸ್ತೆಯಲ್ಲಿ ಅರವತ್ತರ ಮೇಲೆ ಓಡುವಾಗ ಅದು ಕೆಲಸ ಕೆಡಿಸುತ್ತದೆ. ಅಮೆರಿಕದ ಷೆವರ್ಲೆ ಕಾರುಗಳಲ್ಲಿ ಕಾರ್ಬುರೇಟರಿಗೆ ತಂಪು ಗಾಳಿ ಸೆಳೆದುಕೊಳ್ಳಲು ಗಾಜಿನ ಬುಡದ ಇದೇ ಒತ್ತಡವನ್ನು ಬೇಕೆಂದೇ ಬಳಸಿಕೊಂಡರು. ಆದ್ದರಿಂದ ಲೂವರ್ ಸಾಲು ಬಾನೆಟ್ಟಿನ ಮುಂದಿನ ಮೂರನೇ ಎರಡು ಭಾಗದೊಳಗೆ ಮುಗಿಯಬೇಕು. ಹಳೇ ಜೀಪಿಗೆ ಇನ್ನೊಂದು ಕಟ್ಟುಪಾಡು: ಮಡಚಿದ ವಿಂಡ್‌ಸ್ಕ್ರೀನ್ ಒರಗಲೆಂದು ಬಾನೆಟ್ಟಿನ ಮೇಲೆ ಎರಡು ಮರದ ತುಂಡುಗಳಿರುತ್ತವೆ. ಅವುಗಳ ಜಾಗ ಬಿಟ್ಟೇ ಸಾಲು ಎಳೆಯಬೇಕು.

ಇದೇನೂ ಹೊಸ ಶೋಕಿಯಲ್ಲ. 1920ರ ದಶಕದ ಕಾರುಗಳಲ್ಲಿ ಬಾನೆಟ್ಟಿನ ಎರಡೂ ಪಕ್ಕ ಲೂವರ್ ಇಲ್ಲದ್ದು ಅಪರೂಪ. 1932ರಲ್ಲಿ ಫೋರ್ಡ್ ಕಂಪನಿ ವಿ-8 ಎಂಜಿನ್ ಹೊರತಂದಾಗ ಬಾನೆಟ್ಟಿನ ಪಕ್ಕದಲ್ಲಿ ಮೊದಲು 20 ಲೂವರ್ ಇದ್ದವು. ಎಂಜಿನ್ ಕಾಯುತ್ತದೆ ಎಂದು ಅದೇ ವರ್ಷ 25ಕ್ಕೆ ಏರಿಸಿದರು. ಆಮೇಲೆ ಮೈ ನುಣುಪಾದ ಕಾರುಗಳ ಕಾಲ ಬಂತು, ಲೂವರ್ ಮರೆಯಾಯಿತು. ಅದನ್ನು ಮತ್ತೆ ಎತ್ತಿಹಿಡಿದವರು ಕ್ಯಾಲಿಫೋರ್ನಿಯಾದ ಒಣಗಿದ ಸರೋವರಗಳ ಮೇಲೆ ಹಳೇ ಫೋರ್ಡುಗಳನ್ನು ಓಡಿಸುತ್ತಿದ್ದ ಹುಡುಗರು. ಇಂಗ್ಲೆಂಡಿನ ಆಸ್ಟಿನ್-ಹೀಲಿ 100ಎಂ ಕಾರಿನ ಗುರುತೇ ಲೂವರ್ ಹೊಡೆದ ಬಾನೆಟ್ಟು, ಅದರ ಮೇಲೊಂದು ಚರ್ಮದ ಬೆಲ್ಟು. ಕಾರ್ಖಾನೆಯಿಂದ ಹೊರಬಂದದ್ದು 640 ಮಾತ್ರ. 1961ರ ಜಾಗ್ವಾರ್ ಇ-ಟೈಪಿನ ಮೊದಮೊದಲ ಕಾರುಗಳಲ್ಲಿ ಲೂವರ್ ಹೊಡೆದ ತಗಡನ್ನು ಬೇರೆ ಮಾಡಿ ಬಾನೆಟ್ಟಿಗೆ ವೆಲ್ಡ್ ಮಾಡುತ್ತಿದ್ದರು, ಸ್ವಲ್ಪ ಕಾಲದಲ್ಲೇ ಬಾನೆಟ್ಟಿಗೇ ನೇರ ಒತ್ತಲು ತೊಡಗಿದರು. ನೇರ ಒತ್ತುವ ಈ ದಾರಿ ಇವತ್ತು ನಮ್ಮ ಮುಂದೆಯೂ ಇದೆ.

ನೇರ ಒತ್ತುವುದೆಂದರೆ ಪಂಚು ಮತ್ತು ಡೈ. ಮೇಲಿನ ಪಂಚಿನ ಒಂದು ಅಂಚು ಚೂಪು, ಇನ್ನೊಂದು ಬದಿ ನುಣುಪಾಗಿ ಬಾಗಿದ್ದು. ಒಂದೇ ಏಟಿಗೆ ಚೂಪಾದ ಅಂಚು ತಗಡನ್ನು ಸೀಳುತ್ತದೆ, ಬಾಗಿದ ಬದಿ ತಗಡನ್ನು ಡೈಯ ತಗ್ಗಿಗೆ ಎಳೆದು ಉಬ್ಬಿಸುತ್ತದೆ. ಇದನ್ನು ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ. ರಾಯಲ್ಪಾಡಿನ ಯಾವುದೇ ತೋಟದ ಬೋರ್‌ವೆಲ್ ಪಕ್ಕದ ಸ್ಟಾರ್ಟರ್ ಪೆಟ್ಟಿಗೆಯ ಪಕ್ಕ ನೋಡಿ: ಒಳಗಿನ ಬಿಸಿ ಹೋಗಲೆಂದು ಹೊಡೆದ ಸಾಲು ಲೂವರುಗಳು ಅಲ್ಲಿವೆ. ಬೆಂಗಳೂರಿನ ಪೀಣ್ಯದಲ್ಲಿ ಪ್ಯಾನೆಲ್ ಬೋರ್ಡ್ ಮಾಡುವ ಶೆಡ್ಡುಗಳಲ್ಲಿ ಇದು ದಿನನಿತ್ಯದ ಕೆಲಸ.

ತೊಡಕಿರುವುದು ಬಾನೆಟ್ಟಿನ ಆಕಾರದಲ್ಲಿ. ಪೆಟ್ಟಿಗೆಯ ತಗಡು ಚಪ್ಪಟೆ, ಲೂವರ್ ಹೊಡೆದ ಮೇಲೆ ಮಡಚುತ್ತಾರೆ. ಬಾನೆಟ್ಟು ಮೊದಲೇ ಬಾಗಿದೆ, ಅಂಚು ಮಡಚಿದೆ, ಅಡಿಯಲ್ಲಿ ಬಿಗಿಪಟ್ಟಿಗಳಿವೆ. ಪ್ರೆಸ್ಸಿನ ಕುತ್ತಿಗೆ ಬಾನೆಟ್ಟಿನ ನಡುವಿನ ತನಕ ಚಾಚುವಷ್ಟು ಆಳವಿರಬೇಕು, ಸಣ್ಣ ಫ್ಲೈ ಪ್ರೆಸ್ಸಿಗೆ ಅದು ಆಗುವುದಿಲ್ಲ. ಅಡಿಪಟ್ಟಿಗಳ ಸ್ಪಾಟ್ ವೆಲ್ಡು ಬಿಡಿಸಿ ಪಕ್ಕಕ್ಕಿಟ್ಟು, ಕೆಲಸ ಮುಗಿದ ಮೇಲೆ ಕೂರಿಸಬೇಕು. ಅಂಬಾಸಿಡರಿನಂಥ ದುಂಡು ಬಾನೆಟ್ಟಿಗೆ ಇದು ಇನ್ನೂ ಕಷ್ಟ. ಜೀಪಿನ ಸಪಾಟು ಬಾನೆಟ್ಟು ಈ ವಿಷಯದಲ್ಲಿ ಪುಣ್ಯವಂತ.

ಪ್ರೆಸ್ಸು ಸಿಗದ ಕಡೆ ಕೈಕೆಲಸವಿದೆ, ನನ್ನ ಮನಸ್ಸು ಹೆಚ್ಚು ಒಲಿಯುವುದೂ ಅದಕ್ಕೇ. ಒಳ್ಳೆಯ ಟಿಂಕರ್ ಮೊದಲು ಪೇಂಟು, ಪುಟ್ಟಿ ಎಲ್ಲವನ್ನೂ ಬರೀ ತಗಡು ಕಾಣುವ ತನಕ ಕೆರೆಯುತ್ತಾನೆ. ಪುಟ್ಟಿಯ ಮೇಲೆ ಏಟು ಬಿದ್ದರೆ ಅದು ಹಕ್ಕಳೆಯಾಗಿ ಏಳುತ್ತದೆ. ಅಲ್ಲದೆ ಹಿಂದಿನ ಯಾವ ಅಪಘಾತ ಎಲ್ಲಿ ತಗಡನ್ನು ಸವೆಸಿದೆ ಎಂಬುದು ಆಗಲೇ ಗೊತ್ತಾಗುವುದು. ಬಾನೆಟ್ಟಿನ ನಡುಗೆರೆ ಎಳೆದು, ಅಲ್ಲಿಂದ ಎರಡೂ ಕಡೆಗೆ ಅಳತೆ ಗುರುತು ಮಾಡುತ್ತಾನೆ. ಅಂಚಿನಿಂದ ಅಳೆದರೆ ಸಾಲು ಸೊಟ್ಟಗಾಗುತ್ತದೆ, ಯಾಕೆಂದರೆ ಹಳೇ ಬಾನೆಟ್ಟಿನ ಎರಡು ಅಂಚುಗಳು ಒಂದೇ ಅಳತೆಯಲ್ಲಿ ಉಳಿದಿರುವುದಿಲ್ಲ. ಒಂದೊಂದು ಸೀಳಿನ ಎರಡು ತುದಿಗೂ 3 ಮಿಲಿಮೀಟರಿನ ತೂತು ಕೊರೆಯುತ್ತಾನೆ, ಬಿರುಕು ಅಲ್ಲಿಂದ ಮುಂದೆ ಓಡದಿರಲಿ ಎಂದು. ತೆಳು ಕಟಿಂಗ್ ಡಿಸ್ಕಿನಿಂದ ಸೀಳು ಬಿಡಿಸಿ, ಗಟ್ಟಿ ಕಟ್ಟಿಗೆಯಿಂದಲೋ ಉಕ್ಕಿನಿಂದಲೋ ಕೆತ್ತಿದ ಅಚ್ಚಿನ ಮೇಲೆ ತಗಡನ್ನು ಬಿಗಿಯಾಗಿ ಕಚ್ಚಿಸಿ, ಒಳಗಿನಿಂದ ದುಂಡು ಮೂತಿಯ ಉಳಿಯಿಟ್ಟು ಸ್ವಲ್ಪ ಸ್ವಲ್ಪವಾಗಿ ಬಡಿದು ಎಬ್ಬಿಸುತ್ತಾನೆ. ಮೂರು ಸಾರಿ ಸಣ್ಣದಾಗಿ ಎಬ್ಬಿಸಿದ ತಗಡು ಒಂದೇ ಸಾರಿ ದೊಡ್ಡದಾಗಿ ಎಬ್ಬಿಸಿದ್ದಕ್ಕಿಂತ ಕಡಿಮೆ ಬಿರಿಯುತ್ತದೆ. ತುದಿಗಳೇ ಅಪಾಯದ ಜಾಗ, ತಗಡು ಅಲ್ಲೇ ಅತಿ ಹೆಚ್ಚು ಹಿಗ್ಗುವುದು. ಹಿಂದೆ ಹಲವು ಸಲ ಬಡಿಸಿಕೊಂಡು ಗಡಸಾದ ತಗಡಿಗೆ ಗ್ಯಾಸಿನ ಬೆಂಕಿ ಹದವಾಗಿ ತೋರಿಸಿ ಮೆತ್ತಗೆ ಮಾಡಿಕೊಳ್ಳಬೇಕಾಗುತ್ತದೆ.

ಹೊಡೆಯುವ ಕ್ರಮಕ್ಕೂ ಲೆಕ್ಕವಿದೆ. ಒಂದೊಂದು ಲೂವರೂ ತಗಡನ್ನು ಕೂದಲೆಳೆಯಷ್ಟು ಒಳಕ್ಕೆ ಎಳೆದುಕೊಳ್ಳುತ್ತದೆ. ಒಂದು ತುದಿಯಿಂದ ಸಾಲಾಗಿ ಹೊಡೆಯುತ್ತಾ ಹೋದರೆ ಕೊನೆಗೆ ಬಾನೆಟ್ಟು ತಿರುಚಿಕೊಂಡು ಕ್ಲಿಪ್ಪಿಗೆ ಕೂರುವುದಿಲ್ಲ. ಆದ್ದರಿಂದ ನಡುವಿನಿಂದ ಹೊರಕ್ಕೆ, ಎಡಕ್ಕೊಂದು ಬಲಕ್ಕೊಂದು. ಎರಡು ಲೂವರಿನ ನಡುವೆ ಒಂದಿಂಚಿನಷ್ಟು ಅಂತರವಿದ್ದರೆ ಕಣ್ಣಿಗೂ ಚೆನ್ನ, ತಗಡಿಗೂ ಕ್ಷೇಮ. ಕೆಲಸ ಶುರುವಾಗುವ ಮುಂಚೆ ಅದೇ ಗೇಜಿನ ಬೇರೆ ತುಂಡಿನ ಮೇಲೆ ಒಂದು ಸಾಲು ಹೊಡೆಸಿ ನೋಡಿ. ಅದಕ್ಕೆ ಒಪ್ಪದ ಕೆಲಸಗಾರನ ಕೈಗೆ ಬಾನೆಟ್ಟು ಕೊಡಬೇಡಿ.

ಈ ಕೈಚಳಕ ನಮ್ಮ ಭಾಗಕ್ಕೆ ಅಪರಿಚಿತವಲ್ಲ. 1940ರಲ್ಲಿ ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. 1943ರಲ್ಲಿ ಅಮೆರಿಕದ ಸೇನೆಯ ವಾಯುಪಡೆ ಅದನ್ನು ವಹಿಸಿಕೊಂಡು ಯುದ್ಧವಿಮಾನಗಳ ದುರಸ್ತಿಗೆ ಬಳಸಿತು. ಯುದ್ಧ ಮುಗಿದ ಮೇಲೆ ಅದೇ ಎಚ್‌ಎಎಲ್ ರೈಲು ಡಬ್ಬಿ, ಬಸ್ಸಿನ ಬಾಡಿ ಕಟ್ಟಿತು. ಇತ್ತ ಕೆಜಿಎಫ್‌ನಲ್ಲಿ ಗಣಿಯ ವರ್ಕ್‌ಶಾಪುಗಳಿದ್ದವು, ಆಮೇಲೆ ಬೆಮೆಲ್ ಬಂತು, ಬುಲ್ಡೋಜರುಗಳು ಅಲ್ಲಿ ತಯಾರಾದವು. ತಗಡು, ಸುತ್ತಿಗೆ, ವೆಲ್ಡಿಂಗಿನಿಂದ ಹೊಟ್ಟೆ ಹೊರೆದ ಮನೆಗಳು ಕೋಲಾರದಲ್ಲಿ ಎಷ್ಟೋ ಇವೆ. ಈಗ ಟಿಂಕರ್ ಅಂಗಡಿಗಳಲ್ಲಿ ಡೆಂಟು ತೆಗೆಯುವುದಕ್ಕಿಂತ ಪೂರಾ ಭಾಗ ಬದಲಿಸುವುದೇ ಹೆಚ್ಚು. ಕೈಯಿಂದ ಲೂವರ್ ಎಬ್ಬಿಸುವ ಕೆಲಸ ಒಬ್ಬ ಮೇಸ್ತ್ರಿಗೆ ಬಂದರೆ ಅವನ ಶಿಷ್ಯನಿಗೂ ತಗಡು ಹಿಗ್ಗುವುದು, ಕುಗ್ಗುವುದು ಗೊತ್ತಾಗುತ್ತದೆ. ಈ ಕೆಲಸಕ್ಕೆ ಸರಿಯಾದ ಕೂಲಿ ಕೊಡಿ, ಚೌಕಾಸಿ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಮಳೆಯ ಚಿಂತೆ ಎಲ್ಲರಿಗೂ ಬರುತ್ತದೆ. ಓಡುವಾಗ ಹಿಂದಕ್ಕೆ ಬಾಯಿ ತೆರೆದ ಲೂವರಿನೊಳಗೆ ನೀರು ಅಷ್ಟಾಗಿ ಬರುವುದಿಲ್ಲ. ನಿಲ್ಲಿಸಿದ ಗಾಡಿಯ ಮೇಲೆ ಹಿಂಗಾರಿನ ಮಳೆ ಹೊಯ್ದರೆ ಬರುತ್ತದೆ. ಡೀಸೆಲ್ ಎಂಜಿನ್ನಿಗೆ ಅದರಿಂದ ದೊಡ್ಡ ತೊಂದರೆಯಿಲ್ಲ. ಪೆಟ್ರೋಲ್ ಗಾಡಿಯ ಡಿಸ್ಟ್ರಿಬ್ಯೂಟರ್ ಒದ್ದೆಯಾದರೆ ಸ್ಟಾರ್ಟೇ ಆಗದು. ಅದರ ನೇರಕ್ಕೆ ಬಾನೆಟ್ಟಿನ ಅಡಿಯಲ್ಲಿ ಪಕ್ಕಕ್ಕೆ ಇಳಿಜಾರಾದ ಒಂದು ತಗಡಿನ ತಟ್ಟೆ ಕೂರಿಸಿದರೆ ಸಾಕು. ತುಕ್ಕು ಹಿಡಿಯುವುದು ಸೀಳಿದ ಅಂಚಿಗೆ. ಅಂಚನ್ನು ಅರದಿಂದ ನುಣ್ಣಗೆ ಉಜ್ಜಿ, ಒಳಮೈಗೂ ಪ್ರೈಮರ್ ತಲುಪುವಂತೆ ಬ್ರಷ್ಷಿನಿಂದಲೇ ಹಚ್ಚಬೇಕು, ಗನ್ನಿನ ಗಾಳಿ ಆ ಸಂದಿಗೆ ಬಣ್ಣವನ್ನು ಸರಿಯಾಗಿ ಕೊಂಡೊಯ್ಯುವುದಿಲ್ಲ.

ಇನ್ನು ನಾನು ಗಟ್ಟಿಯಾಗಿ ಹೇಳಬೇಕಾದ ಮಾತು: ಗಾಡಿಯ ಜೊತೆಯಲ್ಲೇ ಹುಟ್ಟಿದ ಬಾನೆಟ್ಟಿಗೆ ಲೂವರ್ ಹೊಡೆಯಬೇಡಿ. ಯುದ್ಧಕಾಲದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಯುದ್ಧ ಮುಗಿದಾಗ ಉಳಿದ ಎಷ್ಟೋ ಗಾಡಿಗಳು ಡಿಸ್ಪೋಸಲ್ ಹರಾಜಿನಲ್ಲಿ ನಮ್ಮವರ ಕೈಗೆ ಬಂದವು. ಅಮೆರಿಕನ್ ಸೇನೆ ಜೀಪಿನ ನೋಂದಣಿ ಸಂಖ್ಯೆಯನ್ನು ಬಾನೆಟ್ಟಿನ ಪಕ್ಕದಲ್ಲೇ ಬರೆಯುತ್ತಿತ್ತು. ಪದರ ಪದರವಾಗಿ ಪೇಂಟು ಉಜ್ಜಿದಾಗ ಆ ಅಂಕಿಗಳ ನೆರಳು ಹೊರಬರುವುದುಂಟು, ಅದರಿಂದ ಗಾಡಿಯ ಪೂರ್ವಾಪರ ತಿಳಿಯುತ್ತದೆ. ಮೇಲಿನ ಬಣ್ಣಗಳಲ್ಲಿ ಅದು ಯಾವ ಇಲಾಖೆಯಲ್ಲಿ ದುಡಿದಿತ್ತು, ಯಾವಾಗ ಖಾಸಗಿ ಕೈಗೆ ಬಂತು ಎಂಬುದಕ್ಕೂ ಸುಳಿವಿರುತ್ತದೆ. ಕೆರೆದು ಸೀಳಿದರೆ ಎಲ್ಲವೂ ಹೋಯಿತು.

ಕಾನೂನಿನ ಕಡೆಯಿಂದಲೂ ಇದೇ ಕ್ಷೇಮ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ನಮೂದಿಸಿದ ವಿವರಗಳಿಗಿಂತ ನೋಂದಣಿ ಪತ್ರದ ವಿವರ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಎನ್ನುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಬಾನೆಟ್ಟಿನ ಲೂವರ್ ನೋಂದಣಿ ಪತ್ರದಲ್ಲಿ ಬರೆಯುವ ಸಂಗತಿಯಲ್ಲದಿದ್ದರೂ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುವುದು ಒಳಿತು. 2021ರ ಜುಲೈನಲ್ಲಿ ಬಂದ ವಿಂಟೇಜ್ ವಾಹನ ನಿಯಮಗಳ ವಿಷಯ ಇದಕ್ಕಿಂತ ಮುಖ್ಯ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ಗಾಡಿಗೆ 'ವಿಎ' ಅಕ್ಷರಗಳಿರುವ ಪ್ರತ್ಯೇಕ ನಂಬರು ಸಿಗುತ್ತದೆ; ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎಂಬುದು ಷರತ್ತು. 1970ರ ದಶಕದ ಜೀಪುಗಳು ಒಂದೊಂದಾಗಿ ಈ ವಯಸ್ಸಿಗೆ ಬರುತ್ತಿವೆ. ಇಂದಿನ ಆಸೆಗೆ ಸೀಳಿದ ಬಾನೆಟ್ಟು ನಾಳೆ ಪರಿಶೀಲನೆಗೆ ಬಂದವರ ಮುಂದೆ ಪ್ರಶ್ನೆಯಾಗಿ ನಿಲ್ಲಬಹುದು.

ಹಾಗಾದರೆ ಏನು ಮಾಡಬೇಕು? ಜೀಪಿನ ಬಾನೆಟ್ಟು ಹಳೇ ಸಾಮಾನಿನ ಅಂಗಡಿಗಳಲ್ಲಿ ಇನ್ನೂ ಸಿಗುತ್ತದೆ, ಹೊಸದಾಗಿ ಮಾಡಿಸಿಕೊಳ್ಳಲೂ ಬರುತ್ತದೆ. ಆ ಎರಡನೇ ಬಾನೆಟ್ಟಿಗೆ ಮನಸಾರೆ ಲೂವರ್ ಹೊಡೆಸಿ. ಮೂಲದ್ದಕ್ಕೆ ಒಳಹೊರಗೆ ಎಣ್ಣೆ ಸವರಿ, ನೆಲಕ್ಕೆ ತಾಗದಂತೆ, ತೇವ ಬಾರದ ಗೋಡೆಗೆ ನಿಲ್ಲಿಸಿಡಿ. ಹಿಂಜು ಬಿಚ್ಚಿದರೆ ಬಾನೆಟ್ಟು ಕೈಗೆ ಬರುತ್ತದೆ, ಇಬ್ಬರಿದ್ದರೆ ಬದಲಿಸಲು ಹೆಚ್ಚು ಹೊತ್ತು ಹಿಡಿಯದು.

ಬದಲಿಸಿದ ಮೇಲೆ ಪರೀಕ್ಷೆ ಮಾಡಿ. ಹಳೇ ಬಾನೆಟ್ಟಿನಲ್ಲಿ ಒಂದು ದಿನ, ಹೊಸದರಲ್ಲಿ ಮಾರನೇ ದಿನ. ಅದೇ ಹೊತ್ತು, ಅದೇ ದಾರಿ, ಅಷ್ಟೇ ಕ್ರೇಟು. ಗೌನಿಪಲ್ಲಿ ಕಡೆಯ ಏರು ಮುಗಿದಾಗ ಮುಳ್ಳು ಎಲ್ಲಿತ್ತು, ತೋಪಿನೊಳಗೆ ಅರ್ಧ ಗಂಟೆ ತೆವಳಿದ ಮೇಲೆ ಎಲ್ಲಿತ್ತು ಎಂದು ಬರೆದಿಡಿ. ಹಳೇ ಗೇಜಿನ ಮೇಲೆ ನಂಬಿಕೆಯಿಲ್ಲದಿದ್ದರೆ ಮೇಲಿನ ಹೋಸಿನ ಹತ್ತಿರ ಬೇರೊಂದು ಮಾಪಕ ಹಾಕಿಸಿ. ಮುಳ್ಳು ಇಳಿದಿದ್ದರೆ ಮಾವಿನ ಕಾಲವೆಲ್ಲ ಲೂವರಿನ ಬಾನೆಟ್ಟಿನಲ್ಲೇ ಓಡಿಸಿ. ಇಳಿಯದೇ ಇದ್ದರೆ ಫ್ಯಾನಿನ ಸುತ್ತ ತಗಡಿನ ಕವಚ ಇದೆಯೇ, ಅಲಗುಗಳು ಅದರೊಳಗೆ ಸರಿಯಾಗಿ ಕೂತಿವೆಯೇ ಎಂದು ಮೇಸ್ತ್ರಿಯ ಹತ್ತಿರ ಇನ್ನೊಮ್ಮೆ ನೋಡಿಸಿ.